ಹೈಸ್ಕೂಲಿನ 300 ಮಕ್ಕಳಿಗೆ ಖಿನ್ನತೆ ತಪಾಸಣೆ: ಒಂದೇ ದಿನದಲ್ಲಿ ಮುಗಿಸಬಹುದೇ?

ಗಣಿತದ ಮೇಷ್ಟ್ರು (ಪ್ರಶ್ನೆ)

ಅನುದಾನಿತ ಪ್ರೌಢಶಾಲೆ, ಕನ್ನಡ ಮಾಧ್ಯಮ. 8, 9, 10 ಸೇರಿ ಸುಮಾರು 300 ಮಕ್ಕಳು, ಎಂಟು ಸೆಕ್ಷನ್. ಆಪ್ತಸಮಾಲೋಚಕಿಯೊಬ್ಬರು ಮಂಗಳವಾರ ಮತ್ತು ಶುಕ್ರವಾರ ಬರುತ್ತಾರೆ. ಎಲ್ಲ ಮಕ್ಕಳಿಗೂ ಒಮ್ಮೆ ಖಿನ್ನತೆಯ ತಪಾಸಣೆ ಆಗಬೇಕು ಅಂತ ಆಡಳಿತ ಮಂಡಳಿಯ ತೀರ್ಮಾನ.

ಸದ್ಯದ ಯೋಜನೆ ಹೀಗಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಗೂಗಲ್ ಫಾರ್ಮ್‌ಗೆ ಹಾಕಿ, ಜನವರಿ ಕೊನೆಯ ಶನಿವಾರ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದೊಂದೇ ಸೆಕ್ಷನ್ ಕೂರಿಸಿ, ಬೆಳಗಿನ ತರಗತಿ ಬಿಡುವಷ್ಟರಲ್ಲಿ ಮುಗಿಸೋದು. ಮುಜುಗರ ಇಲ್ಲದೆ ಬರೆಯಲಿ ಅಂತ ಹೆಸರು ಕೇಳೋದಿಲ್ಲ. ತರಗತಿ ಶಿಕ್ಷಕರೇ ಉಸ್ತುವಾರಿ.

ತಿಳಿದವರು ಹೇಳಿ: ಇದರಲ್ಲಿ ಏನು ಸರಿ, ಏನು ತಪ್ಪು? ಎಷ್ಟು ಅಂಕ ಬಂದರೆ ಚಿಂತಿಸಬೇಕು? ಪೋಷಕರಿಗೆ ಮೊದಲೇ ತಿಳಿಸಬೇಕಾ? ಪ್ರಶ್ನೆಗಳನ್ನು ಎರಡಕ್ಕೆ ಇಳಿಸಿದ ಚಿಕ್ಕ ಪಟ್ಟಿಯೂ ಇದೆಯಂತೆ, ಅದು ಸಾಕಾ?

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು

ಮೇಷ್ಟ್ರೇ, ಪ್ರಶ್ನೆಪಟ್ಟಿಯ ಆಯ್ಕೆ ಸರಿಯಿದೆ, ಉಳಿದದ್ದೆಲ್ಲ ಬದಲಾಗಬೇಕು. ಮೊದಲು ಹೆಸರಿನ ವಿಷಯ, ಯಾಕಂದ್ರೆ ಅದೇ ಎಲ್ಲಕ್ಕಿಂತ ಅಪಾಯದ್ದು. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹೆಸರಿಲ್ಲದ 300 ಫಾರ್ಮ್‌ಗಳಲ್ಲಿ ಎಂಟು ಮಕ್ಕಳು 'ಹೆಚ್ಚುಕಡಿಮೆ ದಿನಾಲೂ' ಅಂತ ಒತ್ತಿದ್ದಾರೆ ಅಂತಿಟ್ಟುಕೊಳ್ಳಿ. ಶನಿವಾರ ಮಧ್ಯಾಹ್ನ ನಿಮಗೆ ಅದು ಗೊತ್ತಾಗುತ್ತೆ, ಯಾರು ಅನ್ನೋದು ಗೊತ್ತಾಗೋದಿಲ್ಲ. ಭಾನುವಾರ ಕಳೆಯೋದು ಹೇಗೆ? ಹೆಸರಿಲ್ಲದೆ ಮಾಡೋದು ಸಮೀಕ್ಷೆ, ತಪಾಸಣೆ ಅಲ್ಲ. ಹೆಸರಿನ ಬದಲು ಕೋಡ್ ಸಂಖ್ಯೆ ಕೊಡಿ. ಯಾವ ಕೋಡ್ ಯಾವ ಮಗುವಿನದು ಅನ್ನೋ ಪಟ್ಟಿ ಆಪ್ತಸಮಾಲೋಚಕಿಯ ಬೀರುವಿನಲ್ಲಿ, ಉತ್ತರಗಳಿಂದ ಬೇರೆಯಾಗಿ ಇರಲಿ.

ಅಂಕದ ಲೆಕ್ಕ: ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 5–9 ಸೌಮ್ಯ, 10–14 ಮಧ್ಯಮ, 15–19 ತುಸು ತೀವ್ರ, 20 ಮತ್ತು ಮೇಲೆ ತೀವ್ರ. ಹದಿಹರೆಯದವರಿಗೆಂದೇ ತಿದ್ದಿದ ರೂಪ ಪಿಎಚ್‌ಕ್ಯೂ-ಎ. ಅದರಲ್ಲಿ ಮನಸ್ಸು ಕುಗ್ಗಿರುವ ಬಗ್ಗೆ ಕೇಳುವ ಪ್ರಶ್ನೆಗೆ 'ಸಿಡುಕು' ಸೇರಿದೆ, ಏಕಾಗ್ರತೆಯ ಪ್ರಶ್ನೆಗೆ ಶಾಲೆಯ ಕೆಲಸ ಸೇರಿದೆ. ಸಿಡುಕು ಸೇರಿದ್ದು ಸಣ್ಣ ಬದಲಾವಣೆಯಲ್ಲ. ಈ ವಯಸ್ಸಿನ ಹುಡುಗರಲ್ಲಿ ಖಿನ್ನತೆ ಅಳುವಾಗಿ ಕಾಣೋದು ಕಡಿಮೆ. ಎದುರುತ್ತರ, ಬೆಂಚು ಗುದ್ದೋದು, ಹೋಂವರ್ಕ್ ನಿಲ್ಲಿಸೋದು, ಹೀಗೆ ಕಾಣುತ್ತೆ. ಅದಕ್ಕೇ ಶಿಕ್ಷಕರ ಬಾಯಲ್ಲಿ ಅದು 'ಉಡಾಫೆ' ಆಗುತ್ತೆ.

ಯಾವ ಅಂಕದ ಮೇಲೆ ಚಿಂತಿಸಬೇಕು? ಅಮೆರಿಕದಲ್ಲಿ 13–17 ವಯಸ್ಸಿನ 442 ಮಕ್ಕಳ ಮೇಲೆ ನಡೆದ, 2010ರಲ್ಲಿ ಬಂದ ಅಧ್ಯಯನದಲ್ಲಿ 11 ಅಂಕದ ಗೆರೆ ಎಳೆದಾಗ ಖಿನ್ನತೆ ಇದ್ದವರಲ್ಲಿ 89.5% ಸಿಕ್ಕರು. ಇಲ್ಲದವರಲ್ಲಿ 77.5% ಸರಿಯಾಗಿ ಹೊರಗುಳಿದರು. ಕೋಲ್ಕತ್ತದ ಶಾಲಾ ಮಕ್ಕಳಲ್ಲಿ 10ರ ಗೆರೆ ಚೆನ್ನಾಗಿ ಹೊಂದಿತು. ನೀವು 10 ಇಟ್ಟುಕೊಳ್ಳಿ.

ಈಗ ನಿಮ್ಮ ವಿಷಯವಾದ ಗಣಿತಕ್ಕೇ ಬರೋಣ. 300ರಲ್ಲಿ ನೂರಕ್ಕೆ ಐದರಂತೆ 15 ಮಕ್ಕಳಿಗೆ ನಿಜಕ್ಕೂ ಖಿನ್ನತೆ ಇದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೇಲಿನ ಅಮೆರಿಕದ ಅಧ್ಯಯನದ ಅಂಕಿ ಪ್ರಕಾರ ಅವರಲ್ಲಿ 13 ಜನ ಸಿಗುತ್ತಾರೆ, ಇಬ್ಬರು ತಪ್ಪಿಹೋಗುತ್ತಾರೆ. ಉಳಿದ 285ರಲ್ಲಿ 22.5%, ಅಂದರೆ 64 ಮಕ್ಕಳು, ಖಿನ್ನತೆ ಇಲ್ಲದಿದ್ದರೂ ಗೆರೆ ದಾಟುತ್ತಾರೆ. ಒಟ್ಟು 77. ಆರು ಜನರಲ್ಲಿ ಒಬ್ಬರಿಗೆ ಮಾತ್ರ ನಿಜವಾದ ಖಿನ್ನತೆ. ಉಳಿದ ಐವರಿಗೆ ಏನೂ ಇಲ್ಲ ಅಂತಲ್ಲ. ಮನೆಯ ಜಗಳ, ನಿದ್ದೆಗೇಡು, ಪರೀಕ್ಷೆಯ ಭಯ, ರಕ್ತಹೀನತೆ, ಏನಾದರೂ ಇರುತ್ತೆ. ಆದರೆ 'ನಮ್ಮ ಶಾಲೆಯಲ್ಲಿ 77 ಮಕ್ಕಳಿಗೆ ಖಿನ್ನತೆ' ಅಂತ ಆಡಳಿತ ಮಂಡಳಿಗೆ ವರದಿ ಹೋದರೆ ಅದು ಸುಳ್ಳು ವರದಿ. ಗೆರೆ ದಾಟಿದ ಪ್ರತಿ ಮಗುವಿನ ಜೊತೆ ಒಬ್ಬರೇ ಕೂತು ಮಾತಾಡಿದ ಮೇಲೆ ಮಾತ್ರ ಏನಾದರೂ ಹೇಳಬಹುದು.

ಆ ಮಾತಿಗೆ ಒಂದು ಮಗುವಿಗೆ ಅರ್ಧ ಗಂಟೆ ಬೇಕು. 77 ಮಕ್ಕಳಿಗೆ 38 ಗಂಟೆ ಮೇಲಾಯಿತು. ನಿಮ್ಮ ಆಪ್ತಸಮಾಲೋಚಕಿ ದಿನಕ್ಕೆ ಐವರಂತೆ ವಾರಕ್ಕೆ ಹತ್ತು ಮಕ್ಕಳನ್ನು ನೋಡಬಲ್ಲರು. ಜನವರಿ ಕೊನೆಗೆ ಒಂದೇ ದಿನ ಎಲ್ಲರಿಗೂ ಮಾಡಿದರೆ ಕೊನೆಯ ಮಗುವಿನ ಸರದಿ ಬರುವಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ನಡೀತಿರುತ್ತೆ. 'ನನಗೆ ಕಷ್ಟ ಇದೆ' ಅಂತ ಬರೆದುಕೊಟ್ಟ ಮಗು ಎಂಟು ವಾರ ಕಾದರೆ, ಮತ್ತೆ ಯಾರಿಗೂ ಬರೆದುಕೊಡೋದಿಲ್ಲ.

ಲೆಕ್ಕವನ್ನು ತಿರುಗಿಸಿ: 77ನ್ನು ಎಂಟು ಸೆಕ್ಷನ್‌ಗೆ ಹಂಚಿದರೆ ಸೆಕ್ಷನ್‌ಗೆ ಹತ್ತರ ಹತ್ತಿರ. ವಾರಕ್ಕೆ ಆಗೋದೂ ಹತ್ತೇ. ಹಾಗಾಗಿ ವಾರಕ್ಕೆ ಒಂದೇ ಸೆಕ್ಷನ್, ಮಂಗಳವಾರ ಮೊದಲ ಪೀರಿಯಡ್‌ನಲ್ಲಿ, ಎಂಟು ವಾರ. ಜುಲೈ ಮೊದಲ ವಾರ ಶುರು ಮಾಡಿದರೆ ಆಗಸ್ಟ್ ಕೊನೆಗೆ ಮುಗಿಯುತ್ತೆ, ದಸರೆ ರಜೆಗೆ ಮೊದಲು ಎರಡನೇ ಸುತ್ತಿನ ಮಾತಿಗೂ ಸಮಯ ಸಿಗುತ್ತೆ. ಪ್ರಿಪರೇಟರಿ ಹತ್ತಿರದ ದಿನಗಳಲ್ಲಂತೂ ನಿದ್ದೆ, ಏಕಾಗ್ರತೆ, ಸುಸ್ತು ಮೂರರ ಅಂಕವೂ ಸುಮ್ಮನೆ ಏರಿರುತ್ತೆ. ಶನಿವಾರ, ಹಬ್ಬದ ಹಿಂದಿನ ದಿನ, ಆಪ್ತಸಮಾಲೋಚಕಿ ಇಲ್ಲದ ದಿನ, ಈ ಮೂರೂ ಬೇಡ.

ಎರಡು ಪ್ರಶ್ನೆಯ ಪಿಎಚ್‌ಕ್ಯೂ-2: 3 ಅಂಕದ ಗೆರೆಗೆ ಹದಿಹರೆಯದವರಲ್ಲಿ 74% ಸಿಗುತ್ತಾರೆ, 75% ಸರಿಯಾಗಿ ಹೊರಗುಳಿಯುತ್ತಾರೆ. ಅಂದರೆ ನಿಮ್ಮ 15ರಲ್ಲಿ ನಾಲ್ವರು ತಪ್ಪಿಹೋಗುತ್ತಾರೆ, ಸುಮ್ಮನೆ ಗೆರೆ ದಾಟುವವರು 64ರ ಬದಲು 71. ಉಳಿಯೋದು ಏಳು ಪ್ರಶ್ನೆ, ಎರಡು ನಿಮಿಷ. ಒಂಬತ್ತನೇ ಪ್ರಶ್ನೆಯೂ ಅದರ ಜೊತೆ ಹೋಗುತ್ತೆ. ಬೇಡ.

ಶಾಲಾ ಕೌನ್ಸೆಲರ್

ಮೇಲಿನ ಲೆಕ್ಕಕ್ಕೆ ನನ್ನದೂ ಸಹಿ. ತರಗತಿಯೊಳಗೆ ಏನು ಕೆಡುತ್ತೆ ಅಂತ ಹೇಳ್ತೀನಿ.

ಕನ್ನಡದ್ದೇ ಒಂದು ತೊಡಕಿದೆ. 'ಬೇಜಾರು' ಅಂದರೆ ಮಕ್ಕಳಿಗೆ ಎರಡರ್ಥ. ಮಳೆ ಬಂದು ಆಟ ನಿಂತರೂ ಬೇಜಾರು, ಮನೆಯಲ್ಲಿ ಯಾರೋ ತೀರಿಕೊಂಡರೂ ಬೇಜಾರು. ಪ್ರಶ್ನೆ ವಿವರಿಸೋಕೆ ಹೋಗಿ 'ಬೇಜಾರಾಗಿತ್ತಾ ಅಂತ ಅಷ್ಟೆ' ಅಂದುಬಿಟ್ಟರೆ ಇಡೀ ಕ್ಲಾಸು ಹೌದು ಅಂತ ಬರೆಯುತ್ತೆ, ಯಾಕಂದ್ರೆ ಸಮಾಜ ವಿಜ್ಞಾನದ ಪೀರಿಯಡ್ ಬೇಜಾರಾಗಿತ್ತು. 'ಖಿನ್ನತೆ' ಅನ್ನೋ ಪದ ಎಂಟನೇ ತರಗತಿಯ ಎಷ್ಟೋ ಮಕ್ಕಳಿಗೆ ಗೊತ್ತೇ ಇರಲ್ಲ. 'ಮನಸ್ಸು ಭಾರ, ಅಳು ಬಂದ ಹಾಗೆ, ಮುಂದೆ ಏನೂ ಒಳ್ಳೇದಾಗಲ್ಲ ಅನ್ನೋ ಹಾಗೆ' ಅಂದರೆ ತಿಳಿಯುತ್ತೆ. ಅಚ್ಚಾದ ಪಟ್ಟಿಯ ಮಾತು ಮಾತ್ರ ತಿದ್ದಬೇಡಿ. ಪಿಎಚ್‌ಕ್ಯೂ-9ರ ಕನ್ನಡ ಅನುವಾದ ಇದೆ, ಹಣ ಕೊಡಬೇಕಿಲ್ಲ, ಅನುಮತಿಯೂ ಬೇಕಿಲ್ಲ. ಅದನ್ನೇ ಬಳಸಿ, ಬಾಯಲ್ಲಿ ಹೇಳುವ ವಿವರಣೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಎಂಟೂ ಸೆಕ್ಷನ್‌ಗೆ ಅದನ್ನೇ ಓದಿ.

ಎರಡನೇ ತೊಡಕು 'ಅರ್ಧಕ್ಕಿಂತ ಹೆಚ್ಚು ದಿನ' ಎಂಬ ಉತ್ತರದ್ದು. ಇದನ್ನು ಅವಸರದಲ್ಲಿ ಓದುವ ಮಗು 'ಅರ್ಧ ದಿನಕ್ಕಿಂತ ಹೆಚ್ಚು' ಅಂತ ತಿಳ್ಕೊಳ್ಳುತ್ತೆ. ನಿನ್ನೆ ಮಧ್ಯಾಹ್ನದವರೆಗೆ ಸುಸ್ತಿತ್ತು, ಸರಿ, 2 ಅಂಕ! ಇದಕ್ಕೆ ಬೋರ್ಡಿನ ಮೇಲೆ 14 ಚೌಕ ಬರೆಯಿರಿ, ಏಳೇಳರ ಎರಡು ಸಾಲು. ಇವತ್ತಿನ ತಾರೀಕಿನಿಂದ ಹಿಂದಕ್ಕೆ ಎಣಿಸಿ ಪ್ರತಿ ಚೌಕಕ್ಕೂ ತಾರೀಕು ಹಾಕಿ. ಆ ಹದಿನಾಲ್ಕು ದಿನದೊಳಗೆ ಊರ ಹಬ್ಬವೋ ಕಿರುಪರೀಕ್ಷೆಯೋ ಬಂದಿದ್ದರೆ ಆ ಚೌಕಕ್ಕೆ ಗುರುತು ಹಾಕಿ. 'ಒಂದೂ ಚೌಕ ಇಲ್ಲ ಅಂದ್ರೆ 0. ಕೆಲವು ಚೌಕ ಅಂದ್ರೆ 1. ಒಂದು ಸಾಲಿಗಿಂತ ಹೆಚ್ಚು ಅಂದ್ರೆ 2. ಹೆಚ್ಚುಕಡಿಮೆ ಎಲ್ಲಾ ಚೌಕ ಅಂದ್ರೆ 3.' ಎರಡು ನಿಮಿಷದ ಈ ಕೆಲಸ ಮಾಡದೇ ಇದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ಮೂರನೆಯದು ಜೋಡಿ ಪ್ರಶ್ನೆಗಳು. ನಿದ್ದೆ ಬಾರದಿರೋದು ಅಥವಾ ಅತಿ ನಿದ್ದೆ, ಹಸಿವಿಲ್ಲದಿರೋದು ಅಥವಾ ಅತಿಯಾಗಿ ತಿನ್ನೋದು, ನಿಧಾನ ಆಗೋದು ಅಥವಾ ಚಡಪಡಿಕೆ. ಎರಡೂ ಇದ್ದರೆ ಮಾತ್ರ ಹೌದು ಅನ್ನಬೇಕು ಅಂತ ಮಕ್ಕಳು ಅಂದ್ಕೋತಾರೆ. 'ಎರಡರಲ್ಲಿ ಒಂದಿದ್ದರೂ ಸಾಕು' ಅಂತ ಮೊದಲೇ ಹೇಳಿ.

ಕೂರಿಸುವ ವ್ಯವಸ್ಥೆ ಪರೀಕ್ಷೆಯ ಹಾಗೇ. ಒಂದು ಬೆಂಚಿಗೆ ಒಬ್ಬರು, ಹೆಚ್ಚಂದರೆ ಎರಡು ತುದಿಗೆ ಇಬ್ಬರು. ಸೆಕ್ಷನ್ನನ್ನು ಎರಡು ಕೋಣೆಗೆ ಹಂಚಬಹುದು. ಕಂಪ್ಯೂಟರ್ ಲ್ಯಾಬಿನಲ್ಲಿ ಪಕ್ಕದವರ ಪರದೆ ಕಾಣುತ್ತೆ, ಹಾಗಾಗಿ ಕಾಗದವೇ ವಾಸಿ. ಹಾಳೆಯ ಹಿಂಬದಿ ಒಂದು ಪದಬಂಧ ಅಚ್ಚು ಹಾಕಿಸಿ. ಎಲ್ಲಕ್ಕೂ 0 ಹಾಕಿದವರು ಮೂರು ನಿಮಿಷಕ್ಕೆ ಮುಗಿಸಿ ಅಕ್ಕಪಕ್ಕ ನೋಡೋಕೆ ಶುರು ಮಾಡ್ತಾರೆ, ಯೋಚಿಸಿ ಬರೆಯೋ ಮಗು ಒಂಟಿಯಾಗಿ ಕಾಣುತ್ತೆ. ಪದಬಂಧ ಇದ್ದರೆ ಹದಿನೈದು ನಿಮಿಷ ಎಲ್ಲರ ತಲೆಯೂ ತಗ್ಗಿರುತ್ತೆ. ಒಬ್ಬೊಬ್ಬರೂ ಹಾಳೆಯನ್ನು ತಾವೇ ಲಕೋಟೆಗೆ ಹಾಕಿ ಕೊಡಲಿ, ಮಾನಿಟರ್ ಒಟ್ಟುಮಾಡೋದು ಬೇಡ. ತರಗತಿ ಶಿಕ್ಷಕರು ಆ ಹೊತ್ತು ಸ್ಟಾಫ್ ರೂಮಿನಲ್ಲಿರಲಿ. ಇಂಟರ್ನಲ್ ಮಾರ್ಕ್ಸ್ ಹಾಕೋರ ಮುಂದೆ ಯಾರೂ ನಿಜ ಬರೆಯಲ್ಲ.

ಗುಟ್ಟಿನ ಬಗ್ಗೆ ಶುರುವಿನಲ್ಲೇ ಹೇಳೋ ಮಾತು: 'ನೀವು ಬರೆದದ್ದನ್ನು ಮೇಷ್ಟ್ರಿಗಾಗಲಿ ಗೆಳೆಯರಿಗಾಗಲಿ ತೋರಿಸಲ್ಲ. ಆದರೆ ನಿಮ್ಮ ಜೀವಕ್ಕೆ ಅಪಾಯ ಇದ್ದರೆ, ನಿಮಗೆ ಯಾರಾದರೂ ತೊಂದರೆ ಕೊಡ್ತಿದ್ದರೆ, ನಿಮ್ಮಿಂದ ಇನ್ನೊಬ್ಬರಿಗೆ ಅಪಾಯ ಇದ್ದರೆ, ನಿಮ್ಮನ್ನು ಕಾಪಾಡೋಕೆ ಬೇಕಾದವರಿಗೆ ನಾನು ಹೇಳಲೇಬೇಕಾಗುತ್ತೆ.' ಇದನ್ನು ಮೊದಲು ಹೇಳದೆ ಆಮೇಲೆ ಅಪ್ಪ ಅಮ್ಮನಿಗೆ ಫೋನ್ ಮಾಡಿದರೆ ಅದು ಮೋಸ.

ಅಂಕ ಕೂಡುವಾಗ ಮೊದಲು ಎಲ್ಲ ಹಾಳೆಯ ಒಂಬತ್ತನೇ ಪ್ರಶ್ನೆ ಮಾತ್ರ ನೋಡಿ, ಆಮೇಲೆ ಒಟ್ಟು. ಒಟ್ಟು 4 ಇದ್ದು ಒಂಬತ್ತಕ್ಕೆ 1 ಇದ್ದರೂ ಆ ಮಗುವನ್ನು ಅವತ್ತೇ ನೋಡಬೇಕು. ಒಂಬತ್ತನ್ನು ಖಾಲಿ ಬಿಟ್ಟಿದ್ದರೆ ಅದನ್ನೂ 'ಹೌದು' ಸಾಲಿಗೇ ಸೇರಿಸಿ, ಕರೆದು ಕೇಳಿ. ಬೇರೆ ಪ್ರಶ್ನೆಗಳಲ್ಲಿ ಒಂದೆರಡು ಖಾಲಿ ಇದ್ದರೆ ಉಳಿದವುಗಳ ಸರಾಸರಿ ಹಾಕಿ ತುಂಬಬಹುದು, ಅದಕ್ಕಿಂತ ಹೆಚ್ಚು ಖಾಲಿ ಇದ್ದರೆ ಅಂಕ ಕೂಡಬೇಡಿ. ಎಲ್ಲಕ್ಕೂ ಸಾಲಾಗಿ 3 ಹಾಕಿದ ಹಾಳೆ ತಮಾಷೆ ಅನ್ನಿಸಿದರೂ ಪಕ್ಕಕ್ಕಿಡಬೇಡಿ. ಹತ್ತು ನಿಮಿಷ ಮಾತಾಡಿದರೆ ಗೊತ್ತಾಗುತ್ತೆ.

ಕರೆಯೋದರಲ್ಲೂ ಒಂದು ಉಪಾಯ: ಗೆರೆ ದಾಟಿದವರನ್ನಷ್ಟೇ ಕರೆದರೆ ಎರಡನೇ ವಾರಕ್ಕೆ ಇಡೀ ಶಾಲೆಗೆ ಗೊತ್ತಾಗಿರುತ್ತೆ. ನಡುನಡುವೆ ಕಡಿಮೆ ಅಂಕದ ಒಂದಿಬ್ಬರನ್ನೂ ಐದು ನಿಮಿಷಕ್ಕೆ ಕರೆಯಿರಿ. ತಪ್ಪಿಹೋದ ಆ ಇಬ್ಬರಲ್ಲಿ ಒಬ್ಬರು ಹೀಗೆ ಸಿಕ್ಕರೂ ಸಿಗಬಹುದು. ಪಿಟಿ ಪೀರಿಯಡ್‌ನಿಂದ ಮಾತ್ರ ಎಬ್ಬಿಸಬೇಡಿ, ಅವರಿಗೆ ವಾರದಲ್ಲಿ ಇಷ್ಟವಾದದ್ದು ಅದೊಂದೇ ಇರಬಹುದು.

ಸಮುದಾಯ ಆರೋಗ್ಯ

ಎಲ್ಲರೂ ಹೇಗೆ ಮಾಡಬೇಕು ಅಂತ ಹೇಳ್ತಿದ್ದೀರಿ. ಮಾಡಬೇಕಾ ಅಂತಲೂ ಕೇಳಿ.

ಯುರೋಪಿನ 10 ದೇಶಗಳ 168 ಶಾಲೆ, 11,110 ಮಕ್ಕಳ ಮೇಲೆ ನಡೆದ 'ಸೇಲ್' ಪ್ರಯೋಗದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನಲ್ಲಿ ಶಿಕ್ಷಕರಿಗೆ ತರಬೇತಿ, ಒಂದರಲ್ಲಿ ತಜ್ಞರಿಂದ ತಪಾಸಣೆ, ಒಂದರಲ್ಲಿ ಮಕ್ಕಳೇ ಪಾತ್ರ ವಹಿಸಿ ಚರ್ಚಿಸುವ ತರಗತಿಗಳು. ಒಂದು ವರ್ಷದ ನಂತರ ಆತ್ಮಹತ್ಯೆ ಪ್ರಯತ್ನ ಸ್ಪಷ್ಟವಾಗಿ ಕಡಿಮೆಯಾದದ್ದು ಮೂರನೇ ಗುಂಪಿನಲ್ಲಿ ಮಾತ್ರ. ತಪಾಸಣೆಯ ಗುಂಪಿಗೂ ಹೋಲಿಕೆಗೆಂದು ಇಟ್ಟ ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಕಡೆ, ಪೆನ್ಸಿಲ್ವೇನಿಯಾದ 14 ಹೈಸ್ಕೂಲು, 12,909 ಮಕ್ಕಳ ಪ್ರಯೋಗ, 2021ರದ್ದು. ಎಲ್ಲರಿಗೂ ಪಿಎಚ್‌ಕ್ಯೂ-9 ಕೊಟ್ಟ ತರಗತಿಗಳಲ್ಲಿ, ಅನುಮಾನ ಬಂದವರನ್ನಷ್ಟೇ ಕಳಿಸುವ ಹಳೆಯ ಪದ್ಧತಿಗೆ ಹೋಲಿಸಿದರೆ, ಚಿಕಿತ್ಸೆ ಶುರುವಾಗುವ ಸಾಧ್ಯತೆ ಸುಮಾರು ಇಮ್ಮಡಿ ಇತ್ತು. ಆದರೆ ಅಲ್ಲಿನ ಶಾಲೆಗಳಲ್ಲಿ ಗೆರೆ ದಾಟಿದ ಮಗುವನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ಯುವ ತಂಡ ಮೊದಲೇ ಇರುತ್ತೆ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 12–18 ವಯಸ್ಸಿನವರಿಗೆ ಖಿನ್ನತೆ ತಪಾಸಣೆ ಮಾಡಿ ಅಂತ 2016ರಲ್ಲೂ 2022ರಲ್ಲೂ ಹೇಳಿತು, ಆದರೆ ರೋಗನಿರ್ಣಯ, ಚಿಕಿತ್ಸೆ, ಮುಂದಿನ ನಿಗಾ ಇರುವ ಕಡೆ.

ನಮ್ಮ ದೇಶದ್ದೇ ಬೇಕೆಂದರೆ ಬಿಹಾರದ ನಳಂದಾ ಜಿಲ್ಲೆಯ 'ಸೆಹರ್' ಪ್ರಯೋಗವಿದೆ, 74 ಸರ್ಕಾರಿ ಶಾಲೆ, 2018. ಶಾಲೆಯ ವಾತಾವರಣ ಸುಧಾರಿಸುವ ಅದೇ ಕಾರ್ಯಕ್ರಮವನ್ನು ಒಂದು ಕಡೆ ಶಿಕ್ಷಕರು ನಡೆಸಿದರು, ಇನ್ನೊಂದು ಕಡೆ ತರಬೇತಿ ಪಡೆದ ಹೊರಗಿನ ಸಮಾಲೋಚಕರು. ಎರಡನೆಯ ಕಡೆ ವಾತಾವರಣವೂ ಸುಧಾರಿಸಿತು, ಖಿನ್ನತೆಯ ಅಂಕವೂ ಇಳಿಯಿತು. ಶಿಕ್ಷಕರು ನಡೆಸಿದ ಕಡೆ ಆ ಪರಿಣಾಮ ಕಾಣಲಿಲ್ಲ. ಶಿಕ್ಷಕರು ಕೆಟ್ಟವರು ಅಂತಲ್ಲ, ಪಾಠ, ಮಧ್ಯಾಹ್ನದ ಬಿಸಿಯೂಟ, ಚುನಾವಣಾ ಕೆಲಸದ ಮೇಲೆ ಇದನ್ನೂ ಹೇರಿದರೆ ಅವರೇನು ಮಾಡಿಯಾರು?

ಎಂಟು ವಾರದ ಯೋಜನೆ ಒಪ್ಪೋಣ. ಅದಕ್ಕೂ ಆಪ್ತಸಮಾಲೋಚಕಿಯ ಸಮಯ ಇಲ್ಲ ಅಂದರೆ ಪ್ರಶ್ನೆಪಟ್ಟಿಯನ್ನು ಬಿಟ್ಟು, ಅದೇ ಎಂಟು ಪೀರಿಯಡ್‌ಗಳನ್ನು ಗೆಳೆಯ ಕಷ್ಟದಲ್ಲಿದ್ದರೆ ಹೇಗೆ ಗುರುತಿಸೋದು, ಯಾರಿಗೆ ಹೇಳೋದು ಅಂತ ಕಲಿಸೋಕೆ ಬಳಸಿ. ನನ್ನ ಪ್ರಕಾರ ಅರ್ಧಂಬರ್ಧ ತಪಾಸಣೆಗಿಂತ ಅದು ಮೇಲು.

ಗಣಿತದ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಜನವರಿ ಕೈಬಿಟ್ಟೆ, ಜುಲೈಗೆ ಪ್ರಸ್ತಾವ ಬರೀತಿದ್ದೀನಿ. ಮೂರು ಸಂಶಯ ಉಳಿದಿದೆ. ಸಾವಿನ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗಲ್ವಾ ಅಂತ ಕಾರ್ಯದರ್ಶಿಗಳು ಕೇಳ್ತಿದ್ದಾರೆ. ಒಂಬತ್ತಕ್ಕೆ 'ಹೌದು' ಬಂದ ಮಗುವಿಗೆ ಅವತ್ತು ಸಂಜೆಯೊಳಗೆ ಏನೇನು ಆಗಬೇಕು? 40 ಮಕ್ಕಳು ಹಾಸ್ಟೆಲ್‌ನವರು, ಅವರ ಒಪ್ಪಿಗೆ ವಾರ್ಡನ್ ಕೊಡಬಹುದಾ?

ಧಾರವಾಡ ಮನೋಸಾಮಾಜಿಕ ಕಾರ್ಯಕರ್ತ

ಸರ್, ಒಂದೊಂದಾಗಿ ಹೇಳ್ತೀನ್ರಿ.

ಕೇಳೋದರಿಂದ ಯೋಚನೆ ಹುಟ್ಟೂದಿಲ್ಲ. ನ್ಯೂಯಾರ್ಕ್‌ನ ಆರು ಹೈಸ್ಕೂಲಿನ 2,342 ಮಕ್ಕಳಲ್ಲಿ ಅರ್ಧ ಮಂದಿಗೆ ಆ ಪ್ರಶ್ನೆ ಇದ್ದ ಪಟ್ಟಿ, ಅರ್ಧ ಮಂದಿಗೆ ಇಲ್ಲದ ಪಟ್ಟಿ ಕೊಟ್ಟು ನೋಡಿದಾರ, 2005ರೊಳಗ ಪ್ರಕಟ ಆಗೇದ. ಕೇಳಿಸಿಕೊಂಡವರಲ್ಲಿ ಕಳವಳವೂ ಹೆಚ್ಚಾಗಲಿಲ್ಲ, ಅಂಥ ಯೋಚನೆಯೂ ಹೆಚ್ಚಾಗಲಿಲ್ಲ. ಕಾರ್ಯದರ್ಶಿಗಳಿಗೆ ಇದನ್ನ ಹೇಳ್ರಿ.

ಅವತ್ತಿನ ಕೆಲಸ ಹಿಂಗ. ಊಟದ ಗಂಟೆಯೊಳಗ ಆ ಮಗುವಿನ ಜೊತೆ ಆಪ್ತಸಮಾಲೋಚಕಿ ಒಬ್ಬರೇ ಕೂಡಬೇಕು. ಸುತ್ತಿ ಬಳಸಿ ಕೇಳಬಾರದು. 'ಸತ್ತುಹೋದ್ರ ಚಲೋ ಅಂತ ಅನಿಸೇದೇನು? ಎಷ್ಟು ಸಲ? ಹೆಂಗ ಮಾಡಬೇಕು ಅಂತ ಯೋಚನೆ ಬಂದದೇನು? ಹಿಂದ ಯಾವಾಗರೆ ಪ್ರಯತ್ನ ಮಾಡೀಯೇನು? ಇವತ್ತು ಮನಿಗೆ ಹೋದ್ರ ಆ ಯೋಚನೆ ಬಂದ್ರ ಯಾರಿಗೆ ಹೇಳ್ತಿ?' ಈ ಐದು ಪ್ರಶ್ನೆ ಸಾಕು. ಮಗು ಮಾತಾಡುವಾಗ ಬರಕೊಳ್ಳೂದು ಬ್ಯಾಡ, 'ಇಷ್ಟು ಸಣ್ಣ ವಿಷಯಕ್ಕ' ಅನ್ನೂದಂತೂ ಬ್ಯಾಡವೇ ಬ್ಯಾಡ.

ಯೋಚನೆ ಬಂದು ಹೋಗೇದ, ಹೆಂಗ ಅಂತ ಯೋಚಿಸಿಲ್ಲ, ಹಿಂದ ಪ್ರಯತ್ನ ಇಲ್ಲ ಅಂದ್ರ: ಅವತ್ತೇ ಪೋಷಕರಿಗೆ ಫೋನ್. ಮಗುವಿನ ಜೊತೆ ಕೂತು ಸುರಕ್ಷತಾ ಯೋಜನೆ ಒಂದು ಹಾಳೆಯೊಳಗ ಬರೀರಿ: ಯಾವಾಗ ಮನಸ್ಸು ಕೆಡತದ, ಆಗ ತಾನೇ ಏನು ಮಾಡಬಹುದು, ಯಾರ ಹತ್ರ ಹೋಗಬಹುದು, ಯಾವ ನಂಬರಿಗೆ ಫೋನ್ ಮಾಡಬೇಕು. ಎರಡು ಮೂರು ದಿನದೊಳಗ ಮತ್ತೊಮ್ಮೆ ಭೇಟಿ, ವಾರದೊಳಗ ಆಸ್ಪತ್ರೆ.

ಹೆಂಗ ಅಂತ ಯೋಚಿಸೇದ, ಇಲ್ಲಾ ಹಿಂದ ಪ್ರಯತ್ನ ಮಾಡೇದ, ಇಲ್ಲಾ 'ಇವತ್ತು ಸುರಕ್ಷಿತ ಇರ್ತೀನಿ' ಅಂತ ಹೇಳಲಿಕ್ಕೆ ಆಗವಲ್ದು ಅಂದ್ರ: ಒಂದು ನಿಮಿಷವೂ ಒಂಟಿ ಬಿಡಬ್ಯಾಡ್ರಿ, ಶೌಚಾಲಯಕ್ಕೆ ಹೋದ್ರೂ ಬಾಗಿಲ ಹೊರಗ ಒಬ್ಬರು. ಪೋಷಕರು ಶಾಲೆಗೆ ಬರಬೇಕು, ಅಲ್ಲಿಂದ ನೇರ ಆಸ್ಪತ್ರೆಗೆ. ಶಾಲೆಯ ಬಸ್ಸಿನೊಳಗ ಮನಿಗೆ ಕಳಿಸೂದಲ್ಲ. 'ಇನ್ನೊಮ್ಮೆ ಹಂಗ ಯೋಚಿಸೂದಿಲ್ಲ' ಅಂತ ಬರೆಸಿಕೊಳ್ಳೂದು, ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸೂದು ಭಾಳ ಕಡೆ ನಡೀತದ. ಅದರಿಂದ ಅಪಾಯ ಕಡಿಮಿ ಆಗೂದಿಲ್ಲ, ಮುಂದಿನ ಸಲ ಮಗು ಬಾಯಿ ಬಿಡೂದಿಲ್ಲ, ಅಷ್ಟೇ.

ಎರಡೂ ಸಂದರ್ಭದೊಳಗ ಪೋಷಕರಿಗೆ ಹೇಳಬೇಕಾದ ಒಂದು ಮಾತು ಅದ: ಹೊಲಕ್ಕ ಹೊಡಿಯೋ ಔಷಧಿ, ಇಲಿ ಪಾಷಾಣ, ಅಜ್ಜ ಅಜ್ಜಿಯ ಗುಳಿಗಿ ಎಲ್ಲಾ ಮನಿಯಿಂದ ಹೊರಗ, ಬೀಗದೊಳಗ, ಕೀಲಿ ದೊಡ್ಡವರ ಕಡೆ. ಈ ಮಾತಿಗೆ ಫೋನ್ ಸಾಲೂದಿಲ್ಲ, ಎದುರಿಗೆ ಕೂಡಿಸಿ ಹೇಳಬೇಕು.

ಎಲ್ಲಿಗೆ ಕಳಿಸೂದು ಅಂದ್ರ: ಮನೋಚೈತನ್ಯ ಕಾರ್ಯಕ್ರಮದಾಗ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಜೂನ್‌ನಲ್ಲೇ ಫೋನ್ ಮಾಡಿ ಬರದಿಟ್ಟುಕೊಳ್ಳ್ರಿ. ಜಿಲ್ಲಾ ಆಸ್ಪತ್ರೆಯೊಳಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರ್ತದ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಅದಾವ. ನಮ್ಮ ಕಡೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನೊಳಗ ನಿಮ್ಹಾನ್ಸ್. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರ್ ತಪಾಸಣೆಯ ದಿನ ಎಲ್ಲಾ ಮಕ್ಕಳಿಗೂ ಚೀಟಿ ಮಾಡಿ ಕೊಡ್ರಿ, ಬರೇ ಗೆರೆ ದಾಟಿದವರಿಗಲ್ಲ.

ವಾರ್ಡನ್ ಪೋಷಕರಲ್ಲ. ಕಾನೂನಿನ ಪಾಲಕರು ತಂದೆ ತಾಯಿ, ಅವರಿಲ್ಲದಿದ್ರ ನೇಮಕವಾದ ಪಾಲಕರು. ಒಪ್ಪಿಗಿ ಅವರದ್ದೇ ಬೇಕು. ಪ್ರವೇಶದ ದಿನ ಪೋಷಕರು ಬಂದಾಗಲೇ ತಗೊಂಡುಬಿಡ್ರಿ, ಜುಲೈದಾಗ ಬೆನ್ನು ಹತ್ತೂದು ತಪ್ಪತದ. ಪತ್ರದಾಗ 'ಮಾನಸಿಕ ರೋಗ ಪರೀಕ್ಷೆ' ಅಂತ ಬರದ್ರ ಅರ್ಧ ಮಂದಿ ಸಹಿ ಮಾಡೂದಿಲ್ಲ. ಹಿಂಗ ಬರೀರಿ: 'ಕಣ್ಣು, ಹಲ್ಲು ತಪಾಸಣೆಯ ಹಾಗೆಯೇ ಮಕ್ಕಳ ಮನಸ್ಸಿನ ಆರೋಗ್ಯವನ್ನೂ ಒಂಬತ್ತು ಪ್ರಶ್ನೆಗಳ ಮೂಲಕ ನೋಡುತ್ತೇವೆ. ಇದು ರೋಗ ಹೇಳುವ ಪರೀಕ್ಷೆ ಅಲ್ಲ. ಅಂಕಪಟ್ಟಿ, ಟಿ.ಸಿ. ಯಾವುದರಲ್ಲೂ ದಾಖಲಾಗುವುದಿಲ್ಲ. ಬೇಡವೆನಿಸಿದರೆ ಮಗು ಅಥವಾ ನೀವು ನಿರಾಕರಿಸಬಹುದು.' ಪೋಷಕರು ಒಪ್ಪಿದರೂ ಮಗು ಒಲ್ಲೆ ಅಂದ್ರ ಒಲ್ಲೆ ಅಂತೇ ಲೆಕ್ಕ.

ಕಾನೂನಿಂದು ಇನ್ನೆರಡು ಮಾತು. ಮಾತಾಡುವಾಗ ಲೈಂಗಿಕ ದೌರ್ಜನ್ಯದ ವಿಷಯ ಬಂದ್ರ, 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸೂದು ಕಡ್ಡಾಯ. 'ಶಾಲೆಯ ಹೆಸರು ಕೆಡತದ' ಅಂತ ಮುಚ್ಚಿಟ್ರ ಅದೇ ಅಪರಾಧ. ಆತ್ಮಹತ್ಯೆ ಪ್ರಯತ್ನ ಆಗಿದ್ರ ಕೇಸ್ ಹಾಕ್ತಾರ ಅಂತ ಪೋಷಕರು ಆಸ್ಪತ್ರೆಗೆ ಹೋಗಲಿಕ್ಕೆ ಅಂಜತಾರ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಂ ಅಂಥವರು ತೀವ್ರ ಒತ್ತಡದಾಗ ಇದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತದ. ಅದನ್ನ ಅವರಿಗೆ ತಿಳಿಸಿ ಹೇಳ್ರಿ.

ಶಾಲಾ ಆರೋಗ್ಯ ವೈದ್ಯೆ

ಚಿಕ್ಕ ಸೇರ್ಪಡೆ. ಸುಸ್ತು, ನಿದ್ದೆ, ಹಸಿವು, ಏಕಾಗ್ರತೆ, ನಿಧಾನ: ಒಂಬತ್ತರಲ್ಲಿ ಐದು ಪ್ರಶ್ನೆ ಮೈಗೆ ಸಂಬಂಧಿಸಿದ್ದೂ ಆಗಬಹುದು. ರಕ್ತಹೀನತೆ ಇರುವ ಹುಡುಗಿ ಈ ಐದರಿಂದಲೇ 10 ದಾಟಿಬಿಡಬಹುದು. ಹಾಗಾಗಿ ಗೆರೆ ದಾಟಿದವರಿಗೆ ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಿಗೆ 12 ಗ್ರಾಂಗಿಂತ ಕಡಿಮೆ, 15 ದಾಟಿದ ಹುಡುಗರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅನುದಾನಿತ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬರುತ್ತೆ, ಅವರ ಭೇಟಿಯನ್ನು ಜುಲೈ–ಆಗಸ್ಟ್‌ಗೆ ಹೊಂದಿಸಲು ಕೇಳಿ. ಥೈರಾಯ್ಡ್ ಲಕ್ಷಣ ಇದ್ದರೆ ವೈದ್ಯರು ನೋಡಿಕೊಳ್ಳುತ್ತಾರೆ, ಎಲ್ಲರಿಗೂ ಆ ಪರೀಕ್ಷೆ ಬೇಡ. ರಕ್ತ ಕಡಿಮೆ ಅಂತ ಸಿಕ್ಕಿತು ಅಂದಮಾತ್ರಕ್ಕೆ ಮನಸ್ಸಿನದ್ದು ಇಲ್ಲ ಅಂತ ಕೈತೊಳೆದುಕೊಳ್ಳಬೇಡಿ, ಎರಡೂ ಒಟ್ಟಿಗೇ ಇರೋದು ಅಪರೂಪವಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು

ಆಡಳಿತ ಮಂಡಳಿಗೆ ಪ್ರಸ್ತಾವ ಬರೆಯುವಾಗ ಒಂದು ಆಧಾರ ಸೇರಿಸಿಕೊಳ್ಳಿ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಅರ್ಹ ಸಮಾಲೋಚಕರು ಇರಬೇಕು. ವಾರಕ್ಕೆ ಎರಡು ದಿನವನ್ನು ಆ ಎಂಟು ವಾರದ ಮಟ್ಟಿಗಾದರೂ ನಾಲ್ಕು ಮಾಡಿ ಅಂತ ಕೇಳೋಕೆ ಇದು ಸಾಕು.

ಕರೆಯುವ ಸರದಿ: ಒಂಬತ್ತಕ್ಕೆ ಹೌದು ಅಂದವರು ಅವತ್ತೇ. 15 ಮತ್ತು ಮೇಲೆ ಮೂರು ಶಾಲಾ ದಿನದೊಳಗೆ. 10–14ರಲ್ಲಿ, ಕೊನೆಯ 'ಇದರಿಂದ ಓದಿಗೆ, ಮನೆಗೆಲಸಕ್ಕೆ, ಗೆಳೆಯರ ಜೊತೆ ಹೊಂದಿಕೊಳ್ಳೋಕೆ ಎಷ್ಟು ಕಷ್ಟವಾಗಿದೆ' ಪ್ರಶ್ನೆಗೆ 'ತುಂಬಾ' ಅಂದವರು ಮೊದಲು, ಉಳಿದವರು ಎರಡು ವಾರದೊಳಗೆ. 10–14ರವರಿಗೆ ಮೂರು ನಾಲ್ಕು ವಾರ ಬಿಟ್ಟು ಅದೇ ಪಟ್ಟಿ ಮತ್ತೊಮ್ಮೆ ಕೊಡಿ. 5 ಅಂಕ ಇಳಿದಿದ್ದರೆ ನಿಜಕ್ಕೂ ಇಳಿದಿದೆ ಅನ್ನಬಹುದು. 2 ಅಂಕದ ಏರಿಳಿತಕ್ಕೆ ಅರ್ಥ ಹುಡುಕಬೇಡಿ.

ಉತ್ತರಗಳನ್ನು ಡಿಜಿಟಲ್ ಮಾಡಲೇಬೇಡಿ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 18ರ ಒಳಗಿನವರ ಡಿಜಿಟಲ್ ಮಾಹಿತಿಗೆ ಪೋಷಕರ ಪರಿಶೀಲಿಸಬಲ್ಲ ಒಪ್ಪಿಗೆ ಕೇಳುತ್ತೆ. ಅದಕ್ಕಿಂತ ದೊಡ್ಡ ಕಾರಣ, ಎಕ್ಸೆಲ್ ಹಾಳೆ ಇದ್ದರೆ ಅದು ಒಂದಲ್ಲ ಒಂದು ದಿನ ಶಿಕ್ಷಕರ ವಾಟ್ಸ್ಯಾಪ್ ಗ್ರೂಪಿಗೆ ಬಂದೇ ಬರುತ್ತೆ. ತರಗತಿ ಶಿಕ್ಷಕರಿಗೆ ಅಂಕ ಬೇಡ. ಬೇಕಾದಾಗ 'ಈ ಹುಡುಗನಿಗೆ ಇನ್ನು ಎರಡು ವಾರ ಹೋಂವರ್ಕ್ ತಡವಾದರೆ ಎಬ್ಬಿಸಿ ನಿಲ್ಲಿಸಬೇಡಿ' ಅನ್ನೋ ಮಟ್ಟದ ಸೂಚನೆ ಸಾಕು.

ಮೊದಲ ಮಂಗಳವಾರ ಒಂಬತ್ತನೇ ತರಗತಿಯ ಒಂದು ಸೆಕ್ಷನ್‌ನಿಂದ ಶುರು ಮಾಡಿ. ಎಂಟರವರು ಶಾಲೆಗೆ ಹೊಸಬರು, ಹತ್ತರವರು ಪರೀಕ್ಷೆಯ ಗಡಿಬಿಡಿಯವರು. ಹತ್ತು ಮಕ್ಕಳನ್ನು ನಿರೀಕ್ಷಿಸಿ ಹದಿನಾರು ಬಂದರೆ ಮುಂದಿನ ಮಂಗಳವಾರ ಹೊಸ ಸೆಕ್ಷನ್ ತೆಗೆದುಕೊಳ್ಳಬೇಡಿ, ಆ ಹದಿನಾರು ಮುಗಿಯಲಿ. ಎಂಟು ವಾರ ಹತ್ತಾದರೆ ಆಗಲಿ.